ಸುತ್ತಿಗೆ ಮತ್ತು ಗುತ್ತಿಗೆ

ಬಚ್ಚಲುಮನೆಯಲ್ಲಿ ಸುತ್ತಿಗೆ ಬೀಳುತ್ತಿದ್ದಷ್ಟು ಹೊತ್ತೂ ಅತ್ತೆಯ ಮುಖ ಅರಳಿರುತ್ತಿತ್ತು. ಪಟ್ಟಿ ಕಟ್ಟಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು, ನಡುಮನೆಯ ಕುರ್ಚಿಯಲ್ಲಿ ಕೂತು, ಪ್ರತಿ ಏಟಿಗೂ ಅವರು ತಲೆಯಾಡಿಸುತ್ತಿದ್ದರು.

"ಕೇಳಿಸ್ತಾ ಇದ್ಯೇನೇ? ನಿಮ್ಮ ಮಾವ ತಮ್ಮ ಕೈಯಾರೆ ಹಾಕಿದ ನೆಲ ಅದು. ಜಗ್ಗುತ್ತಾ ನೋಡು! ಬೇರೆಯವರ ಮನೇದಾಗಿದ್ರೆ ನಿನ್ನೇನೇ ಪುಡಿಪುಡಿ ಆಗಿರ್ತಿತ್ತು."

"ಹೂಂ ಅತ್ತೆ," ಎಂದಳು ಸೊಸೆ, ಬಟ್ಟೆ ಮಡಿಸುತ್ತ.

ಅದೇ ನೆಲ ಹೋದ ತಿಂಗಳು ಅತ್ತೆಯನ್ನು ಜಾರಿಸಿ ಮಣಿಕಟ್ಟು ಮುರಿದಿತ್ತು. ಆದರೂ ತಪ್ಪು ನೆಲದ್ದಲ್ಲ, ಸೋಪಿನದು ಎಂಬುದು ಅತ್ತೆಯ ತೀರ್ಪು. ನುಣುಪಾದ ಹಳೆಯ ಮೊಸಾಯಿಕ್ ಟೈಲ್ಸ್ ಕಿತ್ತು ಜಾರದಂಥ ಹೊಸ ಟೈಲ್ಸ್ ಹಾಕಿಸಲೇಬೇಕೆಂದು ಡಾಕ್ಟರೇ ಹೇಳಿದ ಮೇಲೆ ಒಪ್ಪಿದ್ದರು, ಅದೂ ತಮ್ಮ ಪಿಂಚಣಿಯ ದುಡ್ಡಿನಲ್ಲೇ ಆಗಬೇಕು ಎಂಬ ಕರಾರಿನ ಮೇಲೆ. ಕೆಲಸ ಮುಗಿಯುವ ತನಕ ಸ್ನಾನಕ್ಕೆ ಎದುರುಮನೆಯ ಬಚ್ಚಲೇ ಗತಿ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟುವಾಗ ಅತ್ತೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮೇಸ್ತ್ರಿಯ ಜೊತೆ ಮಾತಾಡಿದ ದಿನ ಸೊಸೆಯೂ ಅಲ್ಲಿದ್ದಳು. ಚೌಕಾಸಿ ಮಾಡುವವರು ಕೆಲಸ ಸುಲಭ ಎಂದು ಹೇಳುವುದು ಲೋಕರೂಢಿ. ಅತ್ತೆ ಹಾಗೆ ಮಾಡಲಿಲ್ಲ. "ನಮ್ಮೆಜಮಾನ್ರು ಹಾಕಿದ್ದು ಕಣಪ್ಪಾ. ಒಡೆಯೋಕೇ ಎರಡು ದಿನ ಹಿಡಿಯುತ್ತೆ, ಮೊದ್ಲೇ ಹೇಳಿದೀನಿ," ಎಂದು ಹೊಗಳಿ ಹೊಗಳಿ ತಾವೇ ಬೆಲೆ ಏರಿಸಿಕೊಂಡರು. ಕೊನೆಗೆ, ಒಡೆಯುವುದೂ ಸೇರಿ ನಾಲ್ಕು ದಿನದ ಕೆಲಸ ಎಂದು ಅಂದಾಜು ಮಾಡಿ ಒಟ್ಟು ಗುತ್ತಿಗೆ ಮಾತಾಯಿತು. ದಿನಗೂಲಿ ಅಲ್ಲ, ಕೆಲಸಕ್ಕೆ ಇಷ್ಟು ಅಂತ. ಮೇಸ್ತ್ರಿ ಸೊಸೆಯ ಕಡೆ ತಿರುಗಿ, "ಅಕ್ಕ, ನೀವೇ ಸಾಕ್ಷಿ," ಎಂದಿದ್ದ. "ಗುತ್ತಿಗೆ ಅಂದ್ರೆ ಗುತ್ತಿಗೆ," ಎಂದು ಅವಳೂ ಮಾತು ಕೊಟ್ಟಿದ್ದಳು.

ಅವನು ಸಾಕ್ಷಿ ಕೇಳಿದ್ದಕ್ಕೆ ಕಾರಣವಿತ್ತು. ಹೋದ ವರ್ಷ ಗೋಡೆಗೆ ಬಣ್ಣ ಬಳಿದವನು ಮೇಸ್ತ್ರಿಯ ಷಡ್ಡಕ. ಒಂದು ದಿನದ ಕೆಲಸ ಎಂದು ಒಪ್ಪಿಕೊಂಡವನು ಪಾಪ ಚುರುಕು ಜಾಸ್ತಿಯಾಗಿ ಮಧ್ಯಾಹ್ನಕ್ಕೇ ಕುಂಚ ತೊಳೆದು ನಿಂತ. "ಅರ್ಧ ದಿನ, ಅರ್ಧ ದುಡ್ಡು," ಎಂದು ಅತ್ತೆ ಅವನ ಕೈಗೆ ಅಷ್ಟೇ ಇಟ್ಟು ಕಳಿಸಿದ್ದರು. ಆ ಕಥೆ ಬಣ್ಣದವರ, ಗಾರೆಯವರ ಬಾಯಲ್ಲೆಲ್ಲ ಸುತ್ತಾಡಿತ್ತು.

ಇಂದು ಎರಡನೆಯ ದಿನ. ಸೊಸೆಗೆ ಬಟ್ಟೆ ಮಡಿಸುವುದರಲ್ಲಿ ಮನಸ್ಸಿರಲಿಲ್ಲ, ಕಿವಿ ಬಚ್ಚಲ ಕಡೆಗೇ ಇತ್ತು. ಅವಳು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಯಾವುದಾದರೂ ಒಂದು ವಿಷಯ ತಾನಿರಬೇಕಾದ ಹಾಗೆ ಇಲ್ಲ ಅನ್ನಿಸಿದರೆ ಅದರ ಬುಡ ನೋಡುವ ತನಕ ಊಟ ಸೇರದು. ಈಗ ಅವಳನ್ನು ಕಾಡುತ್ತಿದ್ದುದು ಸುತ್ತಿಗೆಯ ಸದ್ದು. ಒಡೆಯುವ ಸದ್ದು ಒಂದೇ ಸಮ ಇರುವುದಿಲ್ಲ. ಮೊದಲು ಗಟ್ಟಿ, ಬಿರುಕು ಬಿಟ್ಟಾಗ ಟೊಳ್ಳು ಟೊಳ್ಳು, ಕಿತ್ತು ಬಂದಾಗ ಚೂರುಗಳು ಉರುಳಿದ ಸದ್ದು. ಇಲ್ಲಿ ಮಾತ್ರ ಠಣ್, ಠಣ್, ಠಣ್. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ. ಇನ್ನೊಂದು ವಿಚಿತ್ರ, ಬಾಗಿಲ ಸಂದಿನಿಂದ ಒಂದು ಚಿಟಿಕೆ ಧೂಳೂ ಬಂದಿರಲಿಲ್ಲ.

ಮಡಿಸಿದ ಬಟ್ಟೆ ಕಪಾಟಿಗಿಡುವ ನೆಪದಲ್ಲಿ ಎದ್ದು ಅವಳು ಹಿತ್ತಲಿಗೆ ಹೋದಳು. ಕಿತ್ತ ಟೈಲ್ಸ್ ತುಂಬಿದ ಗೋಣಿಚೀಲಗಳು ಗೋಡೆಗೆ ಒರಗಿದ್ದವು. ಒಂದರ ಬಾಯಿ ಬಿಚ್ಚಿದಳು. ಒಳಗೆ ಟೈಲ್‌ಗಳು ಅಂಗಡಿಯಿಂದ ಈಗ ತಂದ ಹಾಗೆ ಸಾಲಾಗಿ ನಿಂತಿದ್ದವು. ಮೂಲೆ ಕೂಡ ಮುಕ್ಕಾಗಿರಲಿಲ್ಲ. ಇನ್ನೊಂದು ಚೀಲದಲ್ಲೂ ಅದೇ ಕಥೆ. ಒಂದೇ ಒಂದು ಟೈಲ್ ಚೂರುಚೂರಾಗಿ ತಳದಲ್ಲಿತ್ತು. ಅವಳು ಇಡಿಯಾದದ್ದನ್ನು ಎತ್ತಿ ಬೆನ್ನು ತಿರುಗಿಸಿ ಉಗುರಿನಿಂದ ಗೀರಿದಳು. ಮರಳು ಸುರಿಯಿತು. ಸಿಮೆಂಟಿನ ಸುಳಿವೇ ಇಲ್ಲ.

ಇವೆಲ್ಲ ಇಡಿಯಾಗಿ ಇಲ್ಲಿದ್ದರೆ ಒಳಗೆ ಒಡೆಯುತ್ತಿರುವುದಾದರೂ ಏನನ್ನು?

ಅವಳು ಬಚ್ಚಲ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ನೆಲಕ್ಕೆ ಹೊಸ ಗಾರೆ ಹಾಕಿ ಮಟ್ಟ ಮಾಡಿ ಆಗಿತ್ತು. ಮುಕ್ಕಾಲು ಭಾಗ ಹೊಸ ಟೈಲ್ಸೂ ಕೂತಿದ್ದವು. ಉಳಿದ ಮೂಲೆಯಲ್ಲಿ ಮೇಸ್ತ್ರಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಬಲಗೈಯಿಂದ ಒಂದು ಕಲ್ಲುಗುಂಡಿನ ಮೇಲೆ ಸುತ್ತಿಗೆ ಬಡಿಯುತ್ತಿದ್ದ.

ಅವಳನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು.

"ಏನಾಯ್ತೋ ಮೇಸ್ತ್ರೀ? ಸುಸ್ತಾಯ್ತಾ?" ನಡುಮನೆಯಿಂದ ಅತ್ತೆಯ ಕೂಗು.

ಠಣ್.

"ಏನ್ ಮೇಸ್ತ್ರಿ ಇದು?" ಸೊಸೆ ಪಿಸುಗುಟ್ಟಿದಳು.

"ಅಕ್ಕಾ, ನಿಮ್ಮ ದಮ್ಮಯ್ಯ, ಮೆಲ್ಲಗೆ." ಠಣ್. "ನಿನ್ನೆ ಬೆಳಿಗ್ಗೆಯೆಲ್ಲ ಮೊದಲ್ನೇ ಟೈಲ್ ಜೊತೆ ಗುದ್ದಾಡಿದೀನಿ. ಉಳಿ ತೂರಿಸೋಕೂ ಜಾಗ ಕೊಡ್ಲಿಲ್ಲ. ಅದನ್ನ ಪುಡಿ ಮಾಡಿದ್ದೇ ತಡ," ಠಣ್, "ಮಿಕ್ಕಿದ್ದೆಲ್ಲ ಕ್ಯಾಲೆಂಡರ್ ಹಾಳೆ ಹರಿದ ಹಾಗೆ ಎದ್ದು ಬಂತು. ಕೆಳಗೆ ಬರೀ ಮರಳು."

"ಅದನ್ನೇ ಹೇಳೋದಲ್ವಾ?"

"ಯಾರಿಗೆ? ಅಲ್ಲಿ ಕೂತು ಒಂದೊಂದೇಟಿಗೂ ಯಜಮಾನ್ರನ್ನ ನೆನೆಸ್ಕೋತಾ ಇರೋ ದೊಡ್ಡಮ್ಮಂಗಾ? ನಿಮ್ಮನೆಯವರು ಸಿಮೆಂಟೇ ಹಾಕಿರ್ಲಿಲ್ಲ ಅಂತ ಹೇಳೋ ಬಾಯಿ ನನಗಿಲ್ಲಕ್ಕ." ಠಣ್. ಅವನು ಒಂದು ಗುಟುಕು ಚಹಾ ಕುಡಿದ. "ಸುಳ್ಳು ಯಾಕೆ ಹೇಳ್ಲಿ, ಅದೊಂದೇ ಅಲ್ಲ. ಬೇಗ ಮುಗೀತು ಅಂದ್ರೆ ನಮ್ಮ ಷಡ್ಡಕನಿಗೆ ಆದ ಗತೀನೇ ನನಗೂ. ಸುಮ್ನೆ ಇನ್ನೆರಡು ದಿನ ಹೀಗೇ ತಳ್ಳಿ ಎದ್ದು ಹೋಗ್ತೀನಿ. ನಿಮಗೇನು ನಷ್ಟ?"

ನಷ್ಟ ಇತ್ತು. ಕೈಗೆ ಪಟ್ಟಿ ಕಟ್ಟಿಕೊಂಡ ಮುದುಕಿ ಇನ್ನೆರಡು ದಿನ ಟವೆಲ್ಲು ಹೊತ್ತು ರಸ್ತೆ ದಾಟಬೇಕಿತ್ತು. ಆದರೆ ಇವನು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ನೆಲ ಅತ್ತೆ ಹೇಳಿದ ಹಾಗೇ ಕಬ್ಬಿಣವಾಗಿದ್ದು, ವಾರ ಹಿಡಿದಿದ್ದರೆ ಇವನು ಅದೇ ದುಡ್ಡಿಗೆ ವಾರವೂ ಬೆವರು ಸುರಿಸಬೇಕಿತ್ತು. ಕೆಟ್ಟ ಅದೃಷ್ಟ ಅವನ ತಲೆಗಾದರೆ ಒಳ್ಳೆಯ ಅದೃಷ್ಟ ಮಾತ್ರ ಯಾಕೆ ಮನೆಯವರ ಜೇಬಿಗೆ? ತಕ್ಕಡಿ ಎರಡೂ ಕಡೆಗೆ ವಾಲಬೇಕಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು, ದುಡ್ಡಿನ ವಿಚಾರವನ್ನು ಮೂಲೆಗೆ ತಳ್ಳಿತು.

"ಅಲ್ಲ ಮೇಸ್ತ್ರಿ, ಕೆಳಗೆ ಬರೀ ಮರಳು ಅಂದ್ರೆ ಇಷ್ಟು ವರ್ಷ ಒಂದೂ ಅಲ್ಲಾಡದೆ ಹೇಗೆ ನಿಂತಿತ್ತು?"

ಮೇಸ್ತ್ರಿ ಲೋಟ ಕೆಳಗಿಟ್ಟ. "ಅದನ್ನ ನಾನು ಯೋಚ್ನೇನೇ ಮಾಡ್ಲಿಲ್ಲ. ಬಂತಲ್ಲ ಸದ್ಯ ಅಂತ ಖುಷಿಯಾಗಿದ್ದೆ."

"ಬನ್ನಿ ಹಿತ್ತಲಿಗೆ."

ಅವನು ಸುತ್ತಿಗೆಯನ್ನು ನೋಡಿದ, ನಡುಮನೆಯ ಕಡೆ ನೋಡಿದ. ಅವನಿಗೂ ಕುತೂಹಲ ತಡೆಯಲಾಗಲಿಲ್ಲ. ಹಿಂಬಾಲಿಸಿದ.

ಹಿತ್ತಲಿನಲ್ಲಿ ಅವಳು ಎರಡು ಟೈಲ್‌ಗಳನ್ನು ಅಕ್ಕಪಕ್ಕ ಜೋಡಿಸಿ ಸಂದಿನಲ್ಲಿ ಉಗುರು ತೂರಿಸಲು ನೋಡಿದಳು. ಹೋಗಲಿಲ್ಲ. ತಿರುಗಿಸಿ ಇನ್ನೊಂದು ಅಂಚು ಜೋಡಿಸಿದಳು. ಅದೂ ಅಷ್ಟೇ. ಅಂಚಿನ ಮೇಲೆ ಬೆರಳಾಡಿಸಿದಾಗ, ಯಂತ್ರದಲ್ಲಿ ಕತ್ತರಿಸಿದ ಗೆರೆಯ ಬದಲು ಕೈ ಹಿಂದೆ ಮುಂದೆ ಆಡಿದ ಸಣ್ಣ ಗೀರುಗಳು ಸಿಕ್ಕವು. ನಾಲ್ಕೂ ಅಂಚು. ಪ್ರತಿಯೊಂದರದ್ದೂ.

"ಕಲ್ಲಿಗೆ ಉಜ್ಜಿದ್ದಾರೆ," ಎಂದಳು. "ಒಂದೊಂದನ್ನೂ ಪಕ್ಕದ್ದಕ್ಕೆ ಹೊಂದೋ ಹಾಗೆ. ಗೋಡೆಯಿಂದ ಗೋಡೆಗೆ ಬಿಗಿದುಬಿಟ್ಟಿದ್ದಾರೆ. ಹಿಡ್ಕೊಂಡಿದ್ದು ಕೆಳಗಿನದಲ್ಲ ಮೇಸ್ತ್ರಿ, ಪಕ್ಕದ್ದು."

"ಸುಮ್ನಿರಿ ಅಕ್ಕ. ಬರೀ ಒತ್ತಿಗೆ ನಿಲ್ಲುತ್ತಾ?"

"ನೋಡೇಬಿಡೋಣ."

ಮೂರು ಟೈಲ್‌ಗಳನ್ನು ಸಾಲಾಗಿಟ್ಟು ಆ ತುದಿಯನ್ನು ಅವನು, ಈ ತುದಿಯನ್ನು ಅವಳು ಹಿಡಿದು, ಕುಕ್ಕರಗಾಲಲ್ಲಿ ಕೂತು, ಎದುರುಬದುರು ಒತ್ತಿದರು. ಒತ್ತುತ್ತಲೇ ಮೆಲ್ಲಗೆ ಎತ್ತಿದರು. ನಡುವಿನ ಟೈಲ್ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತಿತು. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ಅದರ ಕೆಳಗೆ ಬಗ್ಗಿ ನೋಡಿದ.

"ಅಬ್ಬಾ ಯಜಮಾನ್ರೇ!"

"ಸುತ್ತಿಗೆ ಸದ್ದು ಯಾಕೆ ನಿಂತೋಯ್ತು ಅಂತ ನೋಡೋಕೆ ಬಂದ್ರೆ, ಇಲ್ಲಿ ಇಬ್ರೂ ಮಕ್ಕಳಾಟ ಆಡ್ತಾ ಕೂತಿದೀರಾ?"

ಹಿತ್ತಲ ಬಾಗಿಲಲ್ಲಿ ಅತ್ತೆ. ಸೊಸೆಯ ಕೈ ಸಡಿಲವಾಯಿತು. ನಡುವಿನ ಟೈಲ್ ಬಿದ್ದು ಎರಡು ಹೋಳಾಯಿತು.

ಅತ್ತೆ ಹೋಳನ್ನು ನೋಡಿದರು, ಬಾಯಿ ಬಿಚ್ಚಿದ ಚೀಲಗಳನ್ನು ನೋಡಿದರು. ಹತ್ತಿರ ಬಂದು ಒಳಗೆ ಇಣುಕಿದರು. "ಇದೇನೇ? ಒಂದೂ ಒಡೆದೇ ಇಲ್ವಲ್ಲ?"

ಮೇಸ್ತ್ರಿ ನೆಲ ನೋಡುತ್ತ ನಿಂತ. ಸೊಸೆ ಮಾತು ಹುಡುಕಲು ಹೋಗಲಿಲ್ಲ. ಪ್ರಯೋಗಾಲಯದಲ್ಲಿ ವರದಿ ಒಪ್ಪಿಸುವ ಹಾಗೆ, ಮೊದಲಿನಿಂದ ಕೊನೆಯ ತನಕ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸಿಮೆಂಟ್ ಇರಲಿಲ್ಲ ಎನ್ನುವುದನ್ನೂ ಬಿಡಲಿಲ್ಲ, ಒಂದು ಟೈಲ್ ಅರ್ಧ ದಿನ ಜಗ್ಗದೆ ನಿಂತಿದ್ದನ್ನೂ ಬಿಡಲಿಲ್ಲ.

ಅತ್ತೆ ನೆಲಕ್ಕೆ ಬಗ್ಗಿದರು. ಎಡಗೈಯಿಂದ ಒಂದು ಹೋಳೆತ್ತಿ ಅಂಚು ಸವರಿದರು.

"ಆಗ ಸಿಮೆಂಟಿಗೆ ದುಡ್ಡೆಲ್ಲಿತ್ತು," ಎಂದರು ಕೊನೆಗೆ. "ಸಂಜೆ ಆದ್ರೆ ಸಾಕು, ಜಗಲಿ ಮೇಲೆ ಕೂತು ಇದನ್ನ ಕಲ್ಲಿಗೆ ಕರಕರ ಉಜ್ಜೋರು. ಬಚ್ಚಲಿಗೆ ಇಷ್ಟು ನಾಜೂಕು ಯಾಕ್ರೀ, ಕಿವಿ ತೂತು ಬೀಳ್ತಾ ಇದೆ ಅಂತ ನಾನು ರೇಗ್ತಿದ್ದೆ. ಚೆಂದಕ್ಕೆ ಉಜ್ತಾ ಇದಾರೆ ಅಂದ್ಕೊಂಡಿದ್ದೆ ಕಣೇ. ಬಾಯಿ ಬಿಟ್ಟು ಹೇಳಬಾರದಿತ್ತಾ, ಇದಕ್ಕೋಸ್ಕರ ಅಂತ?"

ಅತ್ತೆ ಹೋಳನ್ನು ಚೀಲದೊಳಗೆ ಹಾಕಿ ಕೈಕೊಡವಿ, ಮೇಸ್ತ್ರಿಯ ಕಡೆ ತಿರುಗಿದರು. ದನಿ ಹಳೆಯ ಹದಕ್ಕೆ ಬಂದಿತ್ತು.

"ನಿನ್ನ ವಿಷಯಕ್ಕೆ ಬರೋಣ. ಸುಮ್ನೆ ಕಲ್ಲು ಕುಟ್ಟಿ ನನ್ನನ್ನ ಮಂಗ ಮಾಡ್ದೆ, ಅಲ್ವಾ?"

"ತಪ್ಪಾಯ್ತು ದೊಡ್ಡಮ್ಮ."

"ನಾಲ್ಕು ದಿನದ್ದು ಎರಡೇ ದಿನಕ್ಕೆ ಮುಗೀತಾ ಇದೆ. ಹಾಗಾದ್ರೆ ದುಡ್ಡು..."

"ಅತ್ತೆ," ಸೊಸೆ ನಡುವೆ ಬಾಯಿ ಹಾಕಿದಳು, "ಎಲ್ಲಾ ಟೈಲೂ ಆ ಮೊದಲ್ನೇದರ ಹಾಗೇ ಹಟ ಹಿಡಿದು, ಕೆಲಸ ವಾರ ಎಳೆದಿದ್ರೆ ಎಷ್ಟು ಜಾಸ್ತಿ ಕೊಡ್ತಿದ್ರಿ?"

"ಜಾಸ್ತೀನಾ? ಯಾಕೆ ಕೊಡ್ಲಿ? ಮಾತಾಡಿದ್ದು ಗುತ್ತಿಗೆ. ಒಂದು ಕಾಸೂ..."

ಅತ್ತೆ ಅಲ್ಲಿಗೇ ನಿಂತರು. ಮೇಸ್ತ್ರಿ ನಗು ಬಾರದ ಹಾಗೆ ತುಟಿ ಕಚ್ಚಿಕೊಂಡ. ಸೊಸೆ ಚೀಲದ ಬಾಯಿ ಕಟ್ಟತೊಡಗಿದಳು.

"ನನ್ನ ಬಾಯಿಂದಲೇ ಹೊರಡಿಸಿದ್ಯಲ್ಲೇ, ಜಾಣೆ," ಎಂದರು ಅತ್ತೆ. "ಓದ್ಸಿದ್ದು ಸಾರ್ಥಕ ಆಯ್ತು ನಿಮ್ಮಪ್ಪಂಗೆ." ಮತ್ತೆ ಮೇಸ್ತ್ರಿಗೆ, "ನಿಂತು ಏನು ನೋಡ್ತೀಯ? ಹೋಗು, ಉಳಿದಿದ್ದನ್ನ ಇವತ್ತೇ ಮುಗ್ಸು. ಎದುರುಮನೆಯವಳು ನನಗೆ ಬಿಸಿನೀರು ಕೊಟ್ಟಿದ್ದನ್ನ ಬೀದಿಗೆಲ್ಲ ಹೇಳ್ಕೊಂಡು ಬರೋದ್ರೊಳಗೆ ನನ್ನ ಬಚ್ಚಲು ನನಗೆ ಬೇಕು."

ಅವನು ಓಡಿದ ಎಂದೇ ಹೇಳಬೇಕು. ಬಚ್ಚಲಿನಿಂದ ಆಮೇಲೆ ಬಂದ ಸದ್ದು ಬೇರೆಯೇ ಬಗೆಯದು. ಗಾರೆ ಉಜ್ಜುವ, ಟೈಲ್ ಎತ್ತಿಡುವ, ರಬ್ಬರ್ ಸುತ್ತಿಗೆ ಮೆತ್ತಗೆ ತಟ್ಟುವ ಸದ್ದು. ಒಂದು ತಟ್ಟಿದ ಹಾಗೆ ಇನ್ನೊಂದು ಇರಲಿಲ್ಲ. ಸೊಸೆ ಕಿವಿಗೊಟ್ಟು ಕೇಳಿ ಸಮಾಧಾನವಾದ ಮೇಲೆ ಊಟಕ್ಕೆ ಕೂತಳು.

ಸಂಜೆ ಸಂದುಗಳನ್ನೆಲ್ಲ ತುಂಬಿ ಒರೆಸಿ, ನಾಳೆ ಸಂಜೆಯ ತನಕ ಕಾಲಿಡಬೇಡಿ ಎಂದು ಹೇಳಿ, ಮೇಸ್ತ್ರಿ ಸಾಮಾನಿನ ಚೀಲ ಹೆಗಲಿಗೇರಿಸಿ ನಡುಮನೆಯ ಬಾಗಿಲಲ್ಲಿ ನಿಂತ. ಅತ್ತೆ ಎಡಗೈಯಿಂದಲೇ ಪರ್ಸು ತೆಗೆದು ನೋಟುಗಳನ್ನು ಅವನ ಕೈಗಿಟ್ಟರು.

"ಎಣಿಸ್ಕೋ."

ಅವನು ಎಣಿಸಿದ. ಒಮ್ಮೆ ಅತ್ತೆಯ ಮುಖ ನೋಡಿ, ಬೆರಳು ಒದ್ದೆ ಮಾಡಿಕೊಂಡು, ಮೊದಲಿನಿಂದ ಮತ್ತೆ ಎಣಿಸಿದ.

"ಏನಪ್ಪಾ, ಕಮ್ಮಿ ಇದ್ಯಾ?"

"ಇಲ್ಲ ದೊಡ್ಡಮ್ಮ, ಸರಿಯಾಗಿದೆ," ಎಂದ ಮೇಸ್ತ್ರಿ. "ಅದಕ್ಕೇ ಇನ್ನೊಂದ್ಸಲ ಎಣಿಸ್ದೆ."