ಯಾರಿಗೂ ಇಲ್ಲದ ಹೆಸರು

ಅರಿಶಿಣದ ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಮಾಲು ನೋಡಬೇಕಾದ ಇಪ್ಪತ್ತಾರು ವರ್ಷದ ಗಂಡಸು, ಚೀಲಗಳ ಸಂದಿಯಲ್ಲಿ ಕೂತು ಹೆಣ್ಣುಪಾತ್ರದ ಮಾತು ಗುನುಗುತ್ತಿದ್ದರೆ ಯಾರಿಗೆ ತಾನೆ ನಗು ಬಾರದು? ಸಾಂಗಲಿಯ ಪೇಟೆಯೆಲ್ಲ ಗುರಲಿಂಗನನ್ನು ನೋಡಿ ನಗುತ್ತಿತ್ತು. ಅವನ ಅಪ್ಪ ಮಾತ್ರ ನಗುತ್ತಿರಲಿಲ್ಲ.

ತಾನು ಬರೆದ ಮೊದಲ ನಾಟಕದಲ್ಲೇ ಅವನು ಕೈಸುಟ್ಟುಕೊಂಡಿದ್ದ. ಅದರಲ್ಲೊಬ್ಬ ಜಿಪುಣ ವ್ಯಾಪಾರಿ ಬರುತ್ತಿದ್ದ, ಅವನಿಗೆ ಬಸಲಿಂಗಪ್ಪ ಎಂದು ಹೆಸರಿಟ್ಟಿದ್ದ. ಎದುರು ಅಂಗಡಿಯ ಬಸಲಿಂಗಪ್ಪನವರು ನಿಜವಾಗಿಯೂ ಜಿಪುಣರಾಗಿದ್ದದ್ದು ಗುರಲಿಂಗನ ತಪ್ಪೇನೂ ಅಲ್ಲ. ಆದರೆ ಅವರು ಹಾಗೆ ತಿಳಿಯಬೇಕಲ್ಲ! ದೂರು ಫೌಜದಾರರ ತನಕ ಹೋಗಿ, ಮುಂದಿನ ಆಟಕ್ಕೆ ಸಂಸ್ಥಾನದ ಪರವಾನಗಿ ಸಿಗುವುದೇ ಕಷ್ಟವಾಯಿತು. ಮಿರಜಿನ ನಾಟಕ ಕಂಪನಿಯ ಮಾಲಕ ಕಾಡಸಿದ್ದಪ್ಪ ಅವನನ್ನು ಕರೆಸಿ ಒಂದೇ ಮಾತು ಹೇಳಿದ.

“ನೀ ಮಂದೀನ ಹುಟ್ಟಸೂದಾದ್ರ ಪೂರಾ ಹುಟ್ಟಸಪಾ. ಊರಾಗಿನ ಹೆಸರ ತಂದು ನನ್ನ ಕೊಳ್ಳಿಗೆ ಕಟ್ಟಬ್ಯಾಡ.”

ಗುರಲಿಂಗ ಆ ಮಾತನ್ನು ವ್ರತದ ಹಾಗೆ ಹಿಡಿದ. ಒಂದು ಹೆಸರಿನ ವಹಿಯನ್ನೇ ಮಾಡಿದ. ಬೆಳಿಗ್ಗೆ ಪೇಟೆಯ ಓಣಿ ಹಿಡಿದು ಹೊರಟರೆ ಅಂಗಡಿಯ ಹಲಗೆ ಓದುವನು, ನಳದ ಹತ್ತಿರ ಹೆಂಗಸರು ಒಬ್ಬರನ್ನೊಬ್ಬರು ಕರೆಯುವುದನ್ನು ಕಿವಿಗೊಟ್ಟು ಕೇಳುವನು. ಸಾಂಗಲಿ, ಮಿರಜ, ಮಾಧವನಗರ, ಮೂರರಲ್ಲಿ ಎಲ್ಲಿಯಾದರೂ ಒಬ್ಬರು ಆ ಹೆಸರಿನವರು ಉಸಿರಾಡುತ್ತಿದ್ದಾರೆಂದು ತಿಳಿದರೆ ಸಾಕು, ವಹಿಯಲ್ಲಿ ಗೀಟು ಬೀಳುತ್ತಿತ್ತು. ತನ್ನ ಪಾತ್ರಗಳು ಯಾರ ಮನೆಯವರೂ ಅಲ್ಲ, ತನ್ನ ತಲೆಯಲ್ಲಿ ಹುಟ್ಟಿದವರು ಎಂದು ಹೇಳಿಕೊಳ್ಳುವಾಗ ಅವನಿಗೆ ಎರಡು ಕೊಂಬು ಮೂಡಿದ ಹಾಗೆ ಆಗುತ್ತಿತ್ತು.

ಹೆಸರೇನೋ ಸರಿ, ಆದರೆ ಮನುಷ್ಯರನ್ನು ಹುಟ್ಟಿಸುವುದು ಅಷ್ಟು ಸುಲಭವೆ? ಹೊಸ ನಾಟಕದಲ್ಲಿ ನಗೆಗೊಂದು ಹೆಂಗಸು ಬೇಕಾಗಿತ್ತು. ಮೈದುನ, ಭಾವಂದಿರ ಮನೆಯಲ್ಲಿ ಮುದುಡಿಕೊಂಡು ಬದುಕುವ ಒಬ್ಬ ವಿಧವೆ. ನಾಲ್ಕು ಸಲ ಬರೆದ, ನಾಲ್ಕು ಸಲ ಹರಿದ. ಹೆಂಗಸು ಎದ್ದು ನಿಲ್ಲಲೇ ಇಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿಗೆ ಅವನ ಕಾಕಿ ಸುನಂದಾಬಾಯಿ ಮೊಳಕಾಲಿಗೆ ಅಂಗೈ ಊರಿ “ಶಿವಶಿವಾ” ಎನ್ನುತ್ತ ಎದ್ದಳು. ಎದ್ದವಳು ಒಲೆಯ ಮೇಲೆ ಉಕ್ಕುತ್ತಿದ್ದ ಹಾಲಿಗೆ ಮನುಷ್ಯರಿಗೆ ಬೈದಂತೆ ಬೈದಳು. ಅಷ್ಟೆ, ಗುರಲಿಂಗ ಅರ್ಧ ಊಟ ಬಿಟ್ಟು ಕೈತೊಳೆದ.

ಈ ಕಾಕಿ ಅವನ ಚಿಕ್ಕಪ್ಪನ ಹೆಂಡತಿ. ಮಕ್ಕಳಾಗುವ ಮೊದಲೇ ಗಂಡ ತೀರಿಹೋದ. ಗುರಲಿಂಗ ಒಂದೂವರೆ ವರ್ಷದವನಿದ್ದಾಗ ಅವನ ತಾಯಿ ತೀರಿದಳು. ಅಂದಿನಿಂದ ಅವನನ್ನು ಎತ್ತಿ ಆಡಿಸಿದವಳು, ಉಣಿಸಿದವಳು, ಜ್ವರ ಬಂದರೆ ಪಕ್ಕದಲ್ಲಿ ಕೂತವಳು ಇವಳೇ. ಅವಳ ನಡಿಗೆ, ಅವಳ ಗೊಣಗು, ಪಾತ್ರೆಗಳ ಜೊತೆ ಅವಳ ಜಗಳ, ಎಲ್ಲ ಅವನ ಲೇಖನಿಯಿಂದ ತಾನಾಗಿ ಇಳಿಯಿತು. ಇನ್ನೂ ಒಂದು ಇಳಿಯಿತು. ಚಿಕ್ಕವನಿದ್ದಾಗ ನೋಡಿದ್ದು: ಅಜ್ಜಿ ಬೀಗ ಹಾಕಿಡುತ್ತಿದ್ದ ತುಪ್ಪದ ಗಡಿಗೆಯಿಂದ ಕಾಕಿ ಹೇಗೋ ಒಂದು ಬಟ್ಟಲು ತೆಗೆದು, ಬಾಗಿಲ ಕಡೆ ಎರಡು ಸಲ ನೋಡಿ, ಸೆರಗಿನ ಕೆಳಗೆ ಅಡಗಿಸಿಕೊಳ್ಳುವುದು. ನಾಟಕದ ಹೆಂಗಸು ಆ ತುಪ್ಪವನ್ನು ಮೂಲೆಯಲ್ಲಿ ಕೂತು ಬೆರಳಿನಿಂದ ನೆಕ್ಕುತ್ತಾಳೆ. ಅಷ್ಟರಲ್ಲಿ ಅವಳ ಅಣ್ಣ ಹಿತ್ತಲ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾನೆ, ಅವಳು ಬೆಚ್ಚಿಬಿದ್ದು ತುಪ್ಪವನ್ನೆಲ್ಲ ಮೈಮೇಲೆ ಚೆಲ್ಲಿಕೊಳ್ಳುತ್ತಾಳೆ. ಬರೆಯುತ್ತ ಬರೆಯುತ್ತ ಗುರಲಿಂಗ ತಾನೇ ಹೊಟ್ಟೆ ಹಿಡಿದು ನಕ್ಕ.

ಒಳಗೊಳಗೆ ಏನೋ ಚುಚ್ಚದೆ ಇರಲಿಲ್ಲ. ಹೆಸರು ಬೇರೆ ಇಟ್ಟರಾಯಿತು, ಯಾರಿಗೆ ತಿಳಿಯುತ್ತದೆ ಎಂದು ಆ ಚುಚ್ಚನ್ನು ಸುಮ್ಮನಾಗಿಸಿದ. ಹೆಸರೆಂದರೆ ಅವನಿಗೆ ಆಗ ಕಂಬಳಿ ಇದ್ದ ಹಾಗೆ, ಮೇಲೆ ಹೊದಿಸಿದರೆ ಒಳಗಿನವರು ಯಾರಿಗೂ ಕಾಣಬಾರದು. ಮತ್ತೆ, ಆಶ್ಚರ್ಯವೆಂದರೆ, ಹೆಸರಿಗಾಗಿ ಅವನು ಹುಡುಕಲೂ ಇಲ್ಲ. ಹಿತ್ತಲ ಬಾಗಿಲ ಅಣ್ಣನ ಕೂಗು ಬರೆಯುವಾಗ ಅದು ತಾನಾಗಿ ಬಾಯಿಗೆ ಬಂತು: ನೀಲಗಂಗವ್ವ. ಪೇಟೆಯ ಹೆಣ್ಣುಮಕ್ಕಳು ಈಗ ಸುಶೀಲಾಬಾಯಿ, ಚಂದ್ರಾಬಾಯಿ, ಶಾಲನ. ಇಂಥ ಹಳೆಯ ಹಳ್ಳಿಯ ಹೆಸರು ಯಾರಿಗಿದೆ? ಆದರೂ ನಿಯಮ ನಿಯಮವೇ. ಎಂಟು ದಿನ ಓಣಿ ಓಣಿ ಕೇಳಿದ. ಒಬ್ಬಳೂ ನೀಲಗಂಗವ್ವ ಸಿಗಲಿಲ್ಲ. ಎಲ್ಲಿಂದ ತಂದೆ ಎಂದು ಕಾಡಸಿದ್ದಪ್ಪ ಕೇಳಿದಾಗ ಎದೆಯುಬ್ಬಿಸಿ ನಾನೇ ಹುಟ್ಟಿಸಿದ್ದು ಎಂದ.

ಮಿರಜಿನಲ್ಲಿ ಮೊದಲ ಆಟ. ರವಿವಾರ ಮಧ್ಯಾಹ್ನ ಹೆಂಗಸರಿಗೂ ಜಾಗ ಮಾಡಿದ್ದರು. ಅದುವರೆಗೆ ನಾಟಕವನ್ನೇ ನೋಡದ ಕಾಕಿಯನ್ನು ಗುರಲಿಂಗ ಹಟ ಮಾಡಿ ಕರೆತಂದ. ತನ್ನ ಹೆಚ್ಚುಗಾರಿಕೆ ಅವಳಿಗೆ ಕಾಣಬೇಕು ಎಂಬ ಆಸೆ ಒಂದು, ಹೆಸರಿನ ಕಂಬಳಿಯ ಮೇಲೆ ನಂಬಿಕೆ ಒಂದು. ಹೆಣ್ಣುವೇಷಕ್ಕೆ ಕಸಬೆ ಡಿಗ್ರಜ ಎಂಬ ಊರಿನ ಶ್ರೀಪಾಲ ನಿಂತಿದ್ದ. ಅವನು ಮೊಳಕಾಲಿಗೆ ಕೈ ಊರಿ “ಶಿವಶಿವಾ” ಎಂದದ್ದೇ ತಡ, ಜನ ನಗಲು ಶುರು ಮಾಡಿದರು. ಕಾಕಿಯೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದದ್ದನ್ನು ಗುರಲಿಂಗ ಪರದೆಯ ಸಂದಿಯಿಂದ ನೋಡಿದ. ಪಾಪ, ಗುರುತು ಹತ್ತಲಿಲ್ಲ ಎಂದುಕೊಂಡ.

ತುಪ್ಪದ ಬಟ್ಟಲು ಬಂತು. ಬೆರಳು ನೆಕ್ಕುವುದೂ ಆಯಿತು. ಹಿತ್ತಲ ಬಾಗಿಲಿನಿಂದ ಅಣ್ಣನ ವೇಷದವನು ಕೂಗಿದ: “ನೀಲಗಂಗವ್ವಾ... ಅದೀಯೇನ?”

ಹೆಂಗಸರ ನಡುವೆ ಕಾಕಿ ಧಡಕ್ಕನೆ ಎದ್ದು ನಿಂತಳು. “ಓ” ಎಂದಳು.

ಸುತ್ತಲಿನವರು ಬಿದ್ದು ಬಿದ್ದು ನಕ್ಕರು, ಆಟಕ್ಕಿಂತ ಈ ಮುದುಕಿಯೇ ಚೆಂದ ಎಂದು. ಅವಳು ಕೂತಳು. ಆಮೇಲೆ ನಗಲಿಲ್ಲ. ನಮ್ಮ ನಾಟಕಕಾರ ಮಹಾಶಯ ಅಲ್ಲಿ ನಿಂತು ಏನು ತಿಳಿದುಕೊಂಡ ಅಂತೀರಿ? ಆಟ ಅಷ್ಟು ನಿಜದ ಹಾಗೆ ಬಂದಿದೆ ಎಂದು ಹಿಗ್ಗಿದ.

ಇಬ್ಬರೂ ಟಾಂಗಾದಲ್ಲಿ ಸಾಂಗಲಿಗೆ ವಾಪಸು ಹೊರಟರು. ದಾರಿಯಲ್ಲಿ ಅವಳು ಕೇಳಿದಳು: “ಆ ಹೆಸರ ನಿನಗ ಯಾರ ಹೇಳಿದ್ರೋ ತಮ್ಮಾ?”

ಯಾರೂ ಹೇಳಿಲ್ಲ, ತಾನೇ ಹುಟ್ಟಿಸಿದ್ದು ಎಂದ.

“ಅದು ನನ್ನ ಹೆಸರಪಾ.”

ಅವಳು ಹೇಳಿದ್ದು ಇಷ್ಟು. ಒಂಬತ್ತು ವರ್ಷಕ್ಕೆ ಕವಲಾಪುರದಿಂದ ಈ ಮನೆಗೆ ಬಂದಾಗ ಅವಳು ನೀಲಗಂಗವ್ವ. ಮದುವೆಯ ದಿನ ಇಲ್ಲಿಯ ರೂಢಿಯಂತೆ ತಾಟಿನಲ್ಲಿ ಅಕ್ಕಿ ಹರವಿದರು, ಗಂಡ ಉಂಗುರದಿಂದ ಅದರ ಮೇಲೆ ಸುನಂದಾಬಾಯಿ ಎಂದು ಬರೆದ. ಹಳೆಯ ಹೆಸರು ಈ ಹೊಸ್ತಿಲು ದಾಟಬಾರದು ಎಂದು ಅತ್ತೆ ಅಂದೇ ತಾಕೀತು ಮಾಡಿದಳು. ಪ್ಲೇಗಿನಲ್ಲಿ ತವರು ಬರಿದಾಯಿತು. ಉಳಿದ ಒಬ್ಬ ಅಣ್ಣ ವರ್ಷಕ್ಕೊಮ್ಮೆ ಬರುವನು, ಮುಂಬಾಗಿಲಿಗೆ ಬರದೆ ಹಿತ್ತಲಲ್ಲಿ ನಿಂತು ಸಣ್ಣ ದನಿಯಲ್ಲಿ ಆ ಹೆಸರು ಹಿಡಿದು ಕರೆಯುವನು. ಆಗ ಅವಳ ತೊಡೆಯ ಮೇಲೆ ಮೂರು-ನಾಲ್ಕು ವರ್ಷದ ಗುರಲಿಂಗ ಇರುತ್ತಿದ್ದ. ಇನ್‌ಫ್ಲುಯೆಂಜಾ ವರ್ಷ ಅಣ್ಣನೂ ಹೋದ. ಅಲ್ಲಿಂದೀಚೆಗೆ ಆ ಹೆಸರನ್ನು ಕರೆದವರು ಯಾರೂ ಇಲ್ಲ.

ಗುರಲಿಂಗ ಊರಿನ ಹೆಸರುಗಳನ್ನೆಲ್ಲ ಹುಡುಕಿದ್ದ, ಅಕ್ಕಿಯ ತಾಟಿನಲ್ಲಿ ಅಳಿಸಿಹೋದ ಹೆಸರುಗಳನ್ನು ಹುಡುಕಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಮುಚ್ಚಲೆಂದು ಹೊದಿಸಿದ ಕಂಬಳಿಯೇ ಅವಳದಾಗಿತ್ತು.

ಹೊಳೆಯ ಕಡೆ ನೋಡುತ್ತ ಅವಳು ಇನ್ನೊಂದು ಮಾತು ಸೇರಿಸಿದಳು. “ನಿನ್ನ ನೀಲಗಂಗವ್ವ ತುಪ್ಪಾ ಕದ್ದು ತಾನ ತಿಂತಾಳ. ನಾ ಒಂದ ದಿನಾನೂ ತಿಂದಿದ್ದಿಲ್ಲೋ.”

ಯಾರು ತಿಂದಿದ್ದರು ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ತಾಯಿಯಿಲ್ಲದ ಬಡಕಲು ಕೂಸಿನ ಅನ್ನದೊಳಗೆ, ಅಜ್ಜಿಗೆ ಕಾಣದಂತೆ, ಆ ತುಪ್ಪ ದಿನವೂ ಬೀಳುತ್ತಿತ್ತು. ಬಾಗಿಲ ಕಡೆ ಎರಡು ಸಲ ನೋಡಿದ್ದು ಅವನ ನೆನಪಿನಲ್ಲಿ ಉಳಿದಿತ್ತು, ಯಾರಿಗಾಗಿ ನೋಡಿದಳು ಎಂಬುದು ಉಳಿದಿರಲಿಲ್ಲ. ಗುರಲಿಂಗನಿಗೆ ಟಾಂಗಾದಿಂದ ಹಾರಿ ಎಲ್ಲಾದರೂ ಓಡಿಹೋಗಬೇಕೆನಿಸಿತು. ತಲೆ ತಗ್ಗಿಸಿ ಕೂತ.

“ಅಸೂ ದೇ, ಇರಲಿ ಬಿಡು, ಆಟದಾಗಿನ ಮಾತು,” ಎಂದಳು ಅವಳು. ಮತ್ತೆ, “ಎಷ್ಟ ಮಂದಿ ಕೇಳಿದ್ರಲ್ಲೋ ಆ ಹೆಸರು,” ಎಂದಳು. ಆ ಮಾತಿನಲ್ಲಿ ಏನಿತ್ತು ಎಂದು ಅವನು ನೋಡಲಿಲ್ಲ. ತನ್ನ ನಾಚಿಕೆಯಲ್ಲೇ ಮುಳುಗಿದ್ದವನಿಗೆ ಅದೂ ಬೈಗುಳದ ಹಾಗೆಯೇ ಕೇಳಿಸಿತು.

ಮರುದಿನವೇ ಮಿರಜಿಗೆ ಹೋಗಿ ಕಾಡಸಿದ್ದಪ್ಪನ ಎದುರು ಕೈಮುಗಿದ. ತುಪ್ಪದ ಪ್ರವೇಶ ತೆಗೆದುಬಿಡಿ ಎಂದ. ಕಾರಣ ಮಾತ್ರ ಹೇಳಲಿಲ್ಲ. ಕಾಡಸಿದ್ದಪ್ಪ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ಜನ ಬರುವುದೇ ಆ ತುಪ್ಪಕ್ಕೆ, ಅದನ್ನು ತೆಗೆದರೆ ಉಳಿಯುವುದೇನು? ಬೇಕಾದರೆ ಹೆಸರು ಬದಲಿಸಿಕೋ ಎಂದ.

“ಚಂದ್ರಾಬಾಯಿ ಅಂತ ಇಡು. ಊರಾಗ ಐವತ್ತ ಮಂದಿ ಚಂದ್ರಾಬಾಯಿ ಅದಾರ. ಯಾವಾಕಿ ಬಂದು ನಾನ ಅಂತ ಜಗಳಾ ತಗದಾಳು?”

ಗುರಲಿಂಗ ಒಪ್ಪಿಕೊಂಡುಬಿಟ್ಟ. ಇಲ್ಲಿ ಅವನನ್ನು ನಾನು ಎತ್ತಿ ಹಿಡಿಯುವುದಿಲ್ಲ. ಇನ್ನೊಂದು ಗಳಿಗೆ ನಿಂತು ವಾದಿಸಬಹುದಿತ್ತು, ತುಪ್ಪ ಯಾರ ಹೊಟ್ಟೆಗೆ ಹೋಯಿತು ಎಂದು ಹೊಸ ಪ್ರವೇಶ ಬರೆದುಕೊಡಬಹುದಿತ್ತು. ನಾಟಕ ನಿಂತುಹೋದೀತು ಎಂಬ ಅಂಜಿಕೆ ಅವನ ಬಾಯಿ ಕಟ್ಟಿತು. ಹಸ್ತಪ್ರತಿಯಲ್ಲಿ ಹದಿನಾರು ಕಡೆ ನೀಲಗಂಗವ್ವನನ್ನು ಹೊಡೆದುಹಾಕಿ ಚಂದ್ರಾಬಾಯಿ ಎಂದು ಬರೆದ. ಮನೆಗೆ ಬರುವಾಗ ಮೈ ಹಗುರವಾಗಿತ್ತು. ಕಾಕಿಯ ಮಾನ ಉಳಿಸಿದೆ ಎಂದೇ ಅಂದುಕೊಂಡಿದ್ದ.

ಮುಂದಿನ ರವಿವಾರ ಸಾಂಗಲಿಯಲ್ಲಿ ಆಟ. ಕಾಕಿಗೆ ಅವನು ಆಟದ ಸುದ್ದಿ ಹೇಳಿರಲಿಲ್ಲ. ಪರದೆಯ ಸಂದಿಯಿಂದ ನೋಡುತ್ತಾನೆ, ಹೆಂಗಸರ ಕಡೆ ಮೊದಲ ಸಾಲಿನಲ್ಲೇ ಅವಳು! ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಾಳೆ. ಒಂದು ಪಕ್ಕಕ್ಕೆ ನೆರೆಮನೆಯ ಸುಶೀಲಾಬಾಯಿ, ಇನ್ನೊಂದು ಪಕ್ಕಕ್ಕೆ ಅವಳ ಸೊಸೆ ಶಾಲನ. ಇವರನ್ನೇಕೆ ಕರೆತಂದಳು ಎಂದು ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ, ಎಷ್ಟು ಮಂದಿ ಆ ಹೆಸರು ಕೇಳಿದರು ಎಂದು ಅಂದು ಟಾಂಗಾದಲ್ಲಿ ಅವಳು ಆಡಿದ ಮಾತು ನೆನಪಾಯಿತು, ತಿಳಿಯಿತು. ಹಳೆಯ ಹೆಸರೇ ಕೂಗು ಎಂದು ಹೇಳಲು ಒಳಗೆ ಓಡಿ ಅಣ್ಣನ ವೇಷದವನನ್ನು ಹುಡುಕಿದ. ಅವನು ಆಗಲೇ ರಂಗದ ಆಚೆ ಬದಿಯ ಹಿತ್ತಲ ಬಾಗಿಲಲ್ಲಿ ನಿಂತಿದ್ದ.

ಶ್ರೀಪಾಲ ಬಟ್ಟಲು ಸೆರಗಿನ ಕೆಳಗೆ ಅಡಗಿಸಿದ. ಜನ ನಕ್ಕರು. ಬೆರಳು ನೆಕ್ಕಿದ. ಇನ್ನೂ ನಕ್ಕರು. ಕಾಕಿ ನೆಟ್ಟಗೆ ಕೂತು ಸುಶೀಲಾಬಾಯಿಯ ಕೈಯನ್ನು ಮೆಲ್ಲಗೆ ತಟ್ಟಿದಳು, ಈಗ ಬರುತ್ತದೆ ಎಂಬಂತೆ.

“ಚಂದ್ರಾಬಾಯಿ... ಅದೀಯೇನ?”

ಕಾಕಿಯ ಕೈ ಸುಶೀಲಾಬಾಯಿಯ ಕೈಮೇಲೆ ಹಾಗೆಯೇ ಉಳಿಯಿತು. ಆಟ ಮುಗಿಯುವ ತನಕ ಅವಳು ಅಲುಗಲಿಲ್ಲ, ಪ್ರತಿ ಸಲ ಆ ಹೆಂಗಸನ್ನು ಯಾರಾದರೂ ಕರೆದಾಗ ಕಿವಿಗೊಟ್ಟು ಕೇಳಿದಳು. ಹೊರಗೆ ಬರುವಾಗ ಸುಶೀಲಾಬಾಯಿ ಮರಾಠಿಯಲ್ಲಿ, ನಿಮ್ಮ ಹೆಸರು ಬರುತ್ತದೆ ಎಂದಿದ್ದಿರಲ್ಲ ಎಂದು ಕೇಳಿದ್ದನ್ನು ಗುರಲಿಂಗ ಹಿಂದೆ ನಿಂತು ಕೇಳಿದ. ನನಗೇ ತಪ್ಪು ತಿಳಿದಿತ್ತು ಎಂದಳು ಕಾಕಿ.

ಮನೆಯಲ್ಲಿ ಅವಳು ಸೀರೆ ಬದಲಿಸಿ ಬಂದು ಅವನಿಗೆ ತಾಟು ಹಾಕಿದಳು. ಅವನು ಕೂತ. ನಿನ್ನ ಮಾನಕ್ಕಾಗಿಯೇ ತೆಗೆದೆ ಎಂದು ಹೇಳಲು ಬಾಯಿ ತೆರೆದ. ಅದು ಪೂರ್ತಿ ನಿಜವಲ್ಲ ಎಂದು ಅವನಿಗೇ ಗೊತ್ತಿತ್ತು, ತೆರೆದ ಬಾಯಿ ಮುಚ್ಚಿಕೊಂಡ.

“ತುಪ್ಪಾ ಇಟ್ಟಿ,” ಎಂದಳು ಕಾಕಿ, ಸಿಟ್ಟಿಲ್ಲದೆ, ಅನ್ನ ಬಡಿಸುತ್ತ. “ಹೆಸರ ತಗದಿ.”

ಗುರಲಿಂಗ ನಾಚಿಕೆಯಿಂದ ನೆಲಕ್ಕಿಳಿದುಹೋದ. ಆ ಹೆಸರನ್ನು ಒಂದೇ ಒಂದು ಸಲ, ಇದೇ ಅಡಿಗೆಮನೆಯಲ್ಲಿ, ಗಟ್ಟಿಯಾಗಿ ಕರೆಯಬೇಕೆಂದು ಅವನಿಗೆ ಅನಿಸಿತು. ಮುನ್ನೂರು ಜನರೆದುರು ಅದನ್ನು ಬೇರೆಯವರ ಬಾಯಲ್ಲಿ ಕೂಗಿಸಿದವನು, ಈಗ ಎರಡು ಮೊಳ ದೂರದಲ್ಲಿ ಕೂತವಳಿಗೆ ತಾನೇ ಹೇಳಲಾರದೆ ಹೋದ. ಎತ್ತಿ ಆಡಿಸಿದವಳನ್ನು ಹೆಸರು ಹಿಡಿದು ಕರೆಯುವುದುಂಟೆ?

“ಕಾಕಿ,” ಎಂದ.

ಅವಳು ತುಪ್ಪದ ಗಡಿಗೆ ತೆಗೆದಳು. ಅಜ್ಜಿ ಸತ್ತು ಹತ್ತು ವರ್ಷವಾಗಿತ್ತು, ಬೀಗವೂ ಇರಲಿಲ್ಲ, ಮನೆಯಲ್ಲಿ ಕೇಳುವವರೂ ಇರಲಿಲ್ಲ. ಆದರೂ ರೂಢಿಯಂತೆ ಬಾಗಿಲ ಕಡೆ ಎರಡು ಸಲ ನೋಡಿ, ಅವನ ಅನ್ನದ ನಡುವೆ ಗುಳಿ ಮಾಡಿ ತುಪ್ಪ ಸುರಿದಳು. ಗುರಲಿಂಗ ತಲೆ ಎತ್ತದೆ ಉಂಡ.