ಮಡ್ಡಿಯ ದಿಬ್ಬ

ನನ್ನ ಹೆಂಡತಿ ಮನೀಷಾ ಹದಿಮೂರು ವರ್ಷದಿಂದ ಸೊಲ್ಲಾಪುರದಲ್ಲಿ ಮನೆಗಳ ನಕ್ಷೆ ಬರೆಯುತ್ತಾಳೆ. ಕೇಳಿದವರಿಗೆ ಕೇಳಿದ್ದನ್ನು ಬರೆದು ಕೊಡುತ್ತಾಳೆ: ರಸ್ತೆಗೆ ಎರಡು ಅಂಗಡಿ, ಮೇಲೆ ಎರಡು ಖೋಲಿ, ವಾಸ್ತುವಿನವನು ಹೇಳಿದ ಮೂಲೆಗೆ ಅಡುಗೆಮನೆ. ತನಗೆ ಬೇಕಾದ ಮನೆ ಒಂದನ್ನೂ ಬರೆದಿರಲಿಲ್ಲ. ನನ್ನದು ಟವೆಲ್ ವ್ಯಾಪಾರ. ಅವಳ ಕೆಲಸದಲ್ಲಿ ನಾನು ತಲೆಹಾಕಿದವನಲ್ಲ. ಅದನ್ನೇ ದೊಡ್ಡ ಗುಣವೆಂದು ನಾಲ್ಕು ಜನರೆದುರು ಹೇಳಿಕೊಂಡು ತಿರುಗುತ್ತಿದ್ದೆ.

ಬೋರಾಮಣಿ ಕಡೆ ನಮ್ಮದೊಂದು ಮಡ್ಡಿ ಹೊಲವಿದೆ. ಕಲ್ಲು, ಹುಲ್ಲು, ನಡುವೆ ಒಂದು ದಿಬ್ಬ. ಅಜ್ಜನ ಕಾಲದಿಂದ ಅಲ್ಲಿ ಯಾರೂ ನೇಗಿಲು ಹೂಡಿಲ್ಲ. ಆ ದಿಬ್ಬದೊಳಗೆ ಮನೀಷಾ ತನ್ನ ಮನೆ ಬರೆದಳು. ಕಲ್ಲಿನ ಗೋಡೆ, ಮಾಳಿಗೆಯ ಮೇಲೆ ಅದೇ ಮಣ್ಣು, ಅದೇ ಹುಲ್ಲು. ದೂರದಿಂದ ನೋಡಿದವರಿಗೆ ಮನೆ ಇದೆಯೆಂದೇ ತಿಳಿಯಬಾರದು, ಹುಲ್ಲಿನ ನೆಲದಲ್ಲೇ ಗೂಡು ಮಾಡುವ ಬುರ್ಲಿ ಹಕ್ಕಿ ಬಂದು ಮಾಳಿಗೆಯ ಮೇಲೆ ಮೊಟ್ಟೆ ಇಡಬೇಕು ಎಂದು ಅವಳ ಆಸೆ.

"ಇಷ್ಟು ಖರ್ಚು ಮಾಡಿ ಹೆಗ್ಗಣ ಆಗೂದೇನು?" ಎಂದು ನಕ್ಕೆ. ಅವಳು ನಗಲಿಲ್ಲ.

ಹಕ್ಕಿಗಳಿಗೆಂದು ಸರ್ಕಾರ ಕಾಯ್ದಿಟ್ಟ ಆ ಹುಲ್ಲಿನ ಸೀಮೆಯಲ್ಲಿ ಹೊಸ ಮನೆಗೆ ಪರವಾನಗಿ ಸಿಗುವುದಿಲ್ಲ. ಒಂದೇ ಕಿಂಡಿ ಇತ್ತು: ನೆಲಕ್ಕೆ ಏನೂ ಕೆಡದಂತೆ, ಎಲ್ಲೂ ಇಲ್ಲದಂಥ ಮನೆ ಬರೆದು ತೋರಿಸಿದರೆ ಒಂದು ಸಮಿತಿ ಒಪ್ಪಬಹುದು. ಎರಡು ವರ್ಷ ಮನೀಷಾ ಕಚೇರಿಗಳಿಗೆ ಅಲೆದಳು. ಪುಣೆಗೂ ಒಬ್ಬಳೇ ಹೋಗಿಬಂದಳು. ಕೊನೆಗೆ ಸಮಿತಿ ನಕ್ಷೆಯನ್ನು ಮೆಚ್ಚಿತು, ಸ್ಥಳ ನೋಡುವುದೊಂದೇ ಬಾಕಿ ಎಂದು ಕಾಗದ ಬಂತು.

"ಒಮ್ಮೆ ಓದ್ರಿ," ಎಂದು ಅದನ್ನು ಅಂಗಡಿಗೇ ತಂದು ನನ್ನ ಗಾದಿಯ ಮೇಲೆ ಇಟ್ಟಳು.

ಅವಳ ಮುಖ ನೋಡಿದೆ. ಅಷ್ಟು ಸಂತೋಷವನ್ನು ಅಲ್ಲಿ ನಾನು ಕಂಡು ಎಷ್ಟು ವರ್ಷವಾಗಿತ್ತೋ. ನನಗೆ ನಾಚಿಕೆಯಾಯಿತು. ಇವಳಿಗಾಗಿ ನಾನೂ ಏನಾದರೂ ಮಾಡಬೇಕು ಅನಿಸಿತು. ಕಾಗದ ಓದಬೇಕು ಎಂದು ಮಾತ್ರ ಅನಿಸಲಿಲ್ಲ.

ಸ್ಥಳ ನೋಡಲು ಸಮಿತಿಯ ಸಾಹೇಬರು ಬರುವ ಹಿಂದಿನ ದಿನ ಅವಳು ಕಲ್ಲುಕೆಲಸದವರನ್ನು ಮಾತಾಡಿಸಲು ಅಕ್ಕಲಕೋಟೆಗೆ ಹೋದಳು. ನಾನು ಜೆಸಿಬಿ ಕರೆಸಿದೆ. ಬೀಗರು ಬರುತ್ತಾರೆಂದರೆ ಅಂಗಳ ಸಾರಿಸುವ ಜನ ನಾವು. ಸಾಹೇಬರಿಗೆ ಮೊಣಕಾಲುದ್ದ ಹುಲ್ಲು, ಹಾವು ಚೇಳು ತೋರಿಸುವುದೇ? ದಿಬ್ಬವನ್ನಂತೂ ಮನೆ ಕಟ್ಟುವಾಗ ಹೇಗೂ ಅಗೆಯಬೇಕು, ಈಗಲೇ ತೆಗೆದರೆ ಅವಳಿಗೊಂದು ಕೆಲಸ ಕಡಿಮೆ ಎಂದುಕೊಂಡೆ.

ಹೊಲ ನೋಡಿಕೊಳ್ಳುವ ಕಲ್ಲಣ್ಣ ಅಡ್ಡ ನಿಂತ. "ಸಾವಕಾರ್ರ, ಒಂದು ಹುಲ್ಲಕಡ್ಡೀನೂ ಕೀಳಬ್ಯಾಡ ಅಂದಾರ್ರಿ ಅಕ್ಕಾರು."

"ಅಕ್ಕಾರಿಗೆ ನಕ್ಷಾ ಗೊತ್ತೈತಿ, ಸಾಹೇಬ್ರ ಮರ್ಜಿ ಗೊತ್ತಿಲ್ಲ. ಸರಿ ಆ ಕಡಿ."

"ಫೋನರ ಹಚ್ಚಿ ಕೇಳ್ರಿ."

"ಕೇಳಿ ಮಾಡಿದ್ರ ಏನ್ ಮಜಾ? ನಾಳಿ ಬಂದು ನೋಡಿ ಖುಷಿ ಆಗ್ಲಿ."

ಸಂಜೆಯೊಳಗೆ ದಿಬ್ಬ ಹೋಗಿ ನೆಲ ಬಡಿದ ರೊಟ್ಟಿಯಂತೆ ಸಪಾಟಾಯಿತು. ಶಾಮಿಯಾನಾ ಹಾಕಿಸಿದೆ, ಹನ್ನೆರಡು ಕುರ್ಚಿ ಇಡಿಸಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಆದರೆ ಅದು ಗೊತ್ತಿಲ್ಲದೆ ಸಿಳ್ಳೆ ಹಾಕುತ್ತ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮನೀಷಾ ಸಾಹೇಬರ ಜೀಪಿನಲ್ಲೇ ಬಂದಳು. ಇಳಿದವಳು ಬಾಗಿಲಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಲಕ್ಷ್ಮೀಕಾಂತ ಸಾಹೇಬರು ಕಡತದಲ್ಲಿದ್ದ ಫೋಟೋ ನೋಡಿದರು, ಹೊಲ ನೋಡಿದರು, ಮತ್ತೆ ಫೋಟೋ ನೋಡಿದರು.

"ಮ್ಯಾಡಮ್, ಜಾಗಾ ಇದ ಏನ್ರಿ?"

"ಇದ ರೀ," ಎಂದಳು. ಧ್ವನಿ ಕೇಳಿಸಿದ್ದೇ ಹೆಚ್ಚು.

ನಾನು ಕೈಮುಗಿದು ಮುಂದೆ ಬಂದೆ. "ಎಲ್ಲಾ ಸ್ವಚ್ಛ ಮಾಡಸೀನ್ರಿ ಸಾಹೇಬ್ರ. ಬರ್ರಿ, ನಾಷ್ಟಾ ಮಾಡ್ರಿ."

ಅವರು ಕೂರಲಿಲ್ಲ. ಸಿಟ್ಟೂ ಮಾಡಲಿಲ್ಲ. ಮನೀಷಾಳಿಗೆ ಮಾತ್ರ ಹೇಳಿದರು: "ನಿಮ್ಮ ನಕ್ಷಾ ಭಾಳ ಛಲೋ ಇತ್ರಿ. ಆದ್ರ ಆ ಮನಿ ಆ ದಿಬ್ಬದ್ದು. ದಿಬ್ಬಾನ ಇಲ್ಲಂದ ಮ್ಯಾಲ ಪರವಾನಗಿ ಯಾತಕ್ಕ ಕೊಡೂದು? ಇದು ಈಗ ಎಲ್ಲಾರ ಹೊಲ ಇದ್ದಂಗ ಒಂದು ಹೊಲ."

"ನಾಳಿಗೇ ಮತ್ತ ಮಣ್ಣು ಹಾಕಸ್ತೀನ್ರಿ!" ಎಂದೆ. ಸಾಹೇಬರು ಕಡತ ಮುಚ್ಚಿ ಜೀಪು ಹತ್ತಿದರು. ಕಲ್ಲಣ್ಣ ನೆಲ ನೋಡುತ್ತ ನಿಂತಿದ್ದ.

ಜೀಪು ಹೋದ ಮೇಲೆ ಮನೀಷಾ ಖಾಲಿ ಕುರ್ಚಿಗಳ ನಡುವೆ ಒಂದರಲ್ಲಿ ಕೂತಳು. ಬೈದಿದ್ದರೆ ಬದುಕುತ್ತಿದ್ದೆ.

"ಬೈಯರ ಬೈ," ಎಂದೆ.

ಅವಳು ಹೇಳಿದಳು: "ಹದಿಮೂರು ವರ್ಷದಾಗ ಇವತ್ತ ಮೊದಲನೇ ಸಲ ನೀವು ನನ್ನ ಕೆಲಸಕ್ಕ ಕೈ ಹಚ್ಚಿದ್ರಿ."

ಮಧ್ಯಾಹ್ನ ಅಂಗಡಿಗೆ ಹೋಗಿ ಆ ಕಾಗದ ಹುಡುಕಿದೆ. ಒಂದೇ ಪುಟ. ನಡುವೆ ನನ್ನ ಚಹಾದ ಕಪ್ಪಿನ ದುಂಡು ಕಲೆ. ಕಲೆಯ ಕೆಳಗೆ, ದಿಬ್ಬ ಮತ್ತು ಹುಲ್ಲು ಇದ್ದಂತೆಯೇ ಇರಬೇಕು ಎಂಬ ಸಾಲು. ಅದಕ್ಕೆ ಮನೀಷಾ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಳು. ನನಗಾಗಿಯೇ ಎಳೆದಿದ್ದಳು.

ಈಗ ಅವಳು ಮತ್ತೆ ಎರಡು ಅಂಗಡಿ, ಎರಡು ಖೋಲಿಯ ನಕ್ಷೆ ಬರೆಯುತ್ತಾಳೆ. ಅವಳ ಪ್ರತಿಯೊಂದು ಕಾಗದವನ್ನೂ ನಾನು ಓದುತ್ತೇನೆ. ಓದ್ರಿ ಎಂದು ಅವಳು ಕೊಡುವುದಿಲ್ಲ. ಅವಳು ಇಲ್ಲದಾಗ ನಾನೇ ತೆಗೆದು ಓದಿ, ಇದ್ದಲ್ಲೇ ಇಡುತ್ತೇನೆ.