ನಮ್ಮವನೇ ಡಾಕ್ಟರು

ಫ್ಯಾನಿನ ಗಾಳಿಯೆಲ್ಲ ಡಾಕ್ಟರ ಮೇಜಿಗೇ, ಬೆಂಚಿನ ಮೇಲೆ ನಾವು ಬೆವರುತ್ತ ಕೂತಿದ್ದೇವೆ, ಇಲ್ಲಿ ಪದ್ಧತಿಯೇ ಹೀಗೆ, ಒಬ್ಬರನ್ನು ನೋಡುವಾಗ ಮುಂದಿನವರೂ ಒಳಗೇ ಕೂತು ಎಲ್ಲ ಕೇಳಿಸಿಕೊಳ್ಳಬೇಕು, ಈಗ ಹೋದ ಅಜ್ಜಿಯ ಹೊಟ್ಟೆಯ ಪುರಾಣ ನನಗೆ ಬಾಯಿಪಾಠ, ಇನ್ನು ನನ್ನದು ಇವರಿಗೆ, ಕರ್ಮ — ತಿಂಗಳಿಂದ ಹಿಂದುಗಡೆ ರಕ್ತ ಹೋಗುತ್ತಿದೆ, ಯಾರ ಜೊತೆ ಹೇಗಿದ್ದೆ ಎಂದು ಹೇಳದೆ ಯಾವ ಡಾಕ್ಟರು ತಾನೇ ಏನು ಕಂಡುಹಿಡಿದಾನು, ಅಮ್ಮ ಅಂದಳು, ಮಧುಗಿರಿಗೆ ಹೋಗು ಗೌರೀಶ, ಆ ಡಾಕ್ಟ್ರು ನಮ್ ಜನ ಕಣಪ್ಪ, ಮುಚ್ಚುಮರೆ ಇರಾಕಿಲ್ಲ, ನಮ್ಮ ಜನ ಅಂತಲೇ ಬಾಯಿ ಹೊಲಿದುಕೊಂಡು ಬಂದೆ, ಆತ ಮಾವನಿಗೆ ಬೀಗ, ಬೆನ್ನು ತಟ್ಟಿ, ಬೇಗ ಒಂದ್ ಮದ್ವೆ ಆಗ್ಬುಡು, ಎಲ್ಲ ಸರೋಗ್ತದೆ, ಅಂದ, ಮೈಯೆಲ್ಲ ಉರಿದುಹೋಯಿತು ನನಗೆ. ಆಮೇಲೆ ಜಯಕುಮಾರ, ನನ್ನ ಜಯ, ಕೊರಟಗೆರೆಯಿಂದ ಫೋನು, ಲೇ ಶಿರಾದಾಗೆ ಹೊಸಾ ಡಾಕ್ಟ್ರು ಬಂದವ್ನೆ, ನಮ್ಮಂಗೇ ಗಂಡಸ್ರನ್ನ ಇಷ್ಟಪಡೋನು ಕಣ್ಲಾ, ನಮ್ಮಂಥೋರು ಸೇರೋ ಆ್ಯಪಿನಾಗೆ ಫೋಟೋ ನೋಡಿವ್ನಿ, ಅವನ್ತಾವ ಹೇಳ್ಕೋ, ಅಂತ — ಅಮ್ಮನಿಗೂ ನಮ್ಮವನೇ ಬೇಕು, ಜಯನಿಗೂ ನಮ್ಮವನೇ ಬೇಕು, ನಾನೇನು ಕಮ್ಮಿ, ಬಡವನಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದೆನಲ್ಲ.

ಹೇಳಿ ಗೌರೀಶ್, ಅಂದರು ಡಾಕ್ಟರು, ಯಾವಾಗ ಎದ್ದು ಸ್ಟೂಲಿಗೆ ಬಂದೆನೋ, ನನ್ನದೇ ವಯಸ್ಸಿರಬೇಕು, ರಕ್ತ ಹೋಗ್ತಾ ಇದೆ ಸರ್, ಬೆಂಚಿನ ಹೆಂಗಸು ಕತ್ತು ಉದ್ದ ಮಾಡುತ್ತಾಳೆ, ಯಾರ ಕಡೆಯವರು ಅಂತ ಹೇಳದೆ ನಮ್ಮ ಸೀಮೆಯಲ್ಲಿ ಯಾವ ಕೆಲಸ ಆಗುತ್ತೆ, ಹೇಳಿಬಿಟ್ಟೆ, ಕೊರಟಗೆರೆ ಜಯಕುಮಾರ್ ಕಳ್ಸಿದ್ದು ಸರ್, ಆ್ಯಪಿನಾಗೆ ನಿಮ್ಮನ್ನ ನೋಡವ್ನಂತೆ — ಅಯ್ಯೋ, ಯಾಕೆ ಬಾಯಿ ಬಿಟ್ಟೆ, ಡಾಕ್ಟರ ಕಣ್ಣು ಸರಕ್ಕನೆ ಬೆಂಚಿಗೆ ಹೋಯಿತು. ಪೈಲ್ಸ್ ಇರ್ಬೇಕು, ಮುಲಾಮು ಬರೀತೀನಿ, ಖಾರ ಕಮ್ಮಿ ಮಾಡಿ, ಬೆಂಚಿಗೆಲ್ಲ ಕೇಳುವ ಹಾಗೆ ಜೋರಾಗಿ, ನೋಡದೇನೇ, ಮುಟ್ಟದೇನೇ, ಪಾಪ, ಅವನೂ ಇದೇ ಊರಲ್ಲಿ ಬಾಳಬೇಕು, ಪಾಪವೇನು ಬಂತು, ರಕ್ತ ಹೋಗುತ್ತಿರುವುದು ನನಗೆ, ಹೆದರಿಕೆ ನನಗೆ, ಯಾವ ಜಾತಿಯವನಾದರೇನು, ಯಾರನ್ನು ಇಷ್ಟಪಟ್ಟರೇನು, ಆ ಬೆಂಚು ಖಾಲಿ ಮಾಡಿಸುವವನು ಒಬ್ಬ ಸಿಕ್ಕಿದ್ದರೆ ಸಾಕಿತ್ತು — ಬೇರೇನಾದ್ರೂ ಹೇಳೋದಿದೆಯಾ, ಕೇಳುತ್ತಾನೆ, ಕೇಳಲೇಬೇಕಲ್ಲ ಡಾಕ್ಟರು, ಇದೆ ಅನ್ನಲೇ, ಬಾಯಿ ತೆರೆದಿದ್ದೇನೆ, ಆ ಕಣ್ಣು ಮತ್ತೆ ಬೆಂಚಿಗೆ, ಬೆಂಚಿನಿಂದ ನನಗೆ, ಹೇಳಬೇಡ, ಹೇಳಬೇಡ ಎಂದು ಕೈಮುಗಿಯುತ್ತಿರುವ ಆ ಕಣ್ಣು